ಮೇಳದ ವಿದ್ಯೆ

ಕೊಡಚಾದ್ರಿಯ ತಪ್ಪಲಿನ ಕೊಲ್ಲೂರು ಮೂಕಾಂಬಿಕಾ ದೇವಿಯ ಪುಣ್ಯಕ್ಷೇತ್ರ. ತಪಸ್ಸು ಮಾಡಿ ವರ ಬೇಡಹೊರಟ ಕಂಹಾಸುರನು ವಾಗ್ದೇವಿಯ ಸಂಕಲ್ಪದಿಂದ ಮಾತನ್ನು ಕಳೆದುಕೊಂಡು ಮೂಕಾಸುರನಾದನೆಂದೂ, ಅವನನ್ನು ವಧಿಸಿದ ದೇವಿಯು ಮೂಕಾಂಬಿಕೆ ಎನಿಸಿದಳೆಂದೂ ಸ್ಥಳಪುರಾಣವು ಹೇಳುತ್ತದೆ. ಈ ಕಥೆಯು ಯಕ್ಷಗಾನ ಪ್ರಸಂಗವಾಗಿಯೂ ರಂಗವನ್ನೇರಿದೆ. ಪ್ರಸಂಗದ ಪುಸ್ತಕದಲ್ಲಿ ಮುಖ್ಯವಾಗಿ ಇರುವುದು ಹಾಡುಗಳು. ವರ ಕೇಳಲು ಬಾಯಿ ತೆರೆದ ಅಸುರನಿಗೆ ಮಾತು ಹೊರಡದಿದ್ದಾಗ ಅವನ ಕಣ್ಣು, ಕೈ, ಹೆಜ್ಜೆಗಳು ಹೇಗಿರಬೇಕೆಂಬುದನ್ನು ಪುಸ್ತಕವು ತಿಳಿಸಲಾರದು. ಎಳೆಯ ವೇಷಧಾರಿಯು ಅದನ್ನು ಕಲಿಯುವುದು ಮೇಳದಲ್ಲಿ.

ಮೇಳವೆಂದರೆ ಕಲಾವಿದರ ಗುಂಪು ಮಾತ್ರವಲ್ಲ. ಅದೊಂದು ಸುವ್ಯವಸ್ಥಿತ ಸಂಸ್ಥೆ. ಕೊಲ್ಲೂರು–ಕುಂದಾಪುರ ಮಾರ್ಗದ ಸಮೀಪದಲ್ಲಿರುವ ಮಾರಣಕಟ್ಟೆ, ಬ್ರಹ್ಮಾವರದ ಕಡೆಯ ಮಂದಾರ್ತಿ ಮೊದಲಾದ ಕ್ಷೇತ್ರಗಳ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮುಂದಿನ ಮಳೆಗಾಲದ ಹೊಸ್ತಿಲವರೆಗೆ ಊರೂರುಗಳಲ್ಲಿ ಹರಕೆಯ ಆಟಗಳನ್ನು ಆಡುತ್ತವೆ. ಭಾಗವತರು, ಮದ್ದಳೆ–ಚೆಂಡೆಗಳ ವಾದಕರು, ವೇಷಧಾರಿಗಳು, ಹಾಸ್ಯಗಾರರು ಹೀಗೆ ಪ್ರತಿಯೊಬ್ಬರಿಗೂ ಅಲ್ಲಿ ಗೊತ್ತಾದ ಸ್ಥಾನವಿದೆ, ಹೊಣೆಯಿದೆ. ಆಟವನ್ನು ನಡೆಸುವವರು ಭಾಗವತರಾದುದರಿಂದ ಅವರನ್ನು ಮೊದಲನೆಯ ವೇಷವೆಂದೇ ಗೌರವಿಸುವುದುಂಟು.

ಇಂತಹ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ಪಾತ್ರ ದೊರೆಯುವುದಿಲ್ಲ. ಇರುಳ ಆರಂಭದ ಪೂರ್ವರಂಗದಲ್ಲಿ ಅವನು ಕೋಡಂಗಿಯಾಗಿ ಕುಣಿಯುತ್ತಾನೆ. ಹೆಜ್ಜೆ ಹದಕ್ಕೆ ಬಂದಂತೆ ಬಾಲಗೋಪಾಲನಾಗುತ್ತಾನೆ. ಬಳಿಕ ಪೀಠಿಕೆಯ ಸ್ತ್ರೀವೇಷ, ಆಮೇಲೆ ಕಥೆಯೊಳಗಿನ ಸಣ್ಣ ಪಾತ್ರಗಳು. ತನ್ನ ಕೆಲಸ ಮುಗಿದ ಮೇಲೆ ರಂಗದ ಬದಿಯಲ್ಲಿ ಕುಳಿತು ಹಿರಿಯರ ಆಟವನ್ನು ನೋಡುತ್ತಾನೆ. ಚೌಕಿಯಲ್ಲಿ ಅವರು ಬಣ್ಣ ಬರೆದುಕೊಳ್ಳುವುದನ್ನೂ ಮುಂಡಾಸು ಕಟ್ಟುವುದನ್ನೂ ಗಮನಿಸುತ್ತಾನೆ. ತಪ್ಪಿದರೆ ಹಿರಿಯರು ತಿದ್ದುತ್ತಾರೆ. ಮರುದಿನ ಮತ್ತೊಂದು ಊರು, ಮತ್ತೊಂದು ಅವಕಾಶ. ಹೀಗೆ ನೋಡುವುದು, ಮಾಡುವುದು, ತಿದ್ದಿಕೊಳ್ಳುವುದು ಎಂಬ ಮೂರು ಮೆಟ್ಟಿಲುಗಳಿಂದ ವಿದ್ಯೆಯು ಕೈಯಿಂದ ಕೈಗೆ ದಾಟುತ್ತದೆ.

ಮೇಳವು ವಿದ್ಯೆಯನ್ನು ಹಂಚುವುದಷ್ಟೇ ಅಲ್ಲ, ಹೊಸದಾಗಿ ಸೃಷ್ಟಿಸುತ್ತದೆ ಕೂಡ. ಹಾಡಿನ ಅರ್ಥವನ್ನು ವೇಷಧಾರಿಯು ಆ ಕ್ಷಣದಲ್ಲಿ ತನ್ನದೇ ಮಾತುಗಳಲ್ಲಿ ಹೇಳಬೇಕು. ಎದುರು ಪಾತ್ರಧಾರಿಯ ಪ್ರಶ್ನೆಗೆ ಉತ್ತರಿಸಬೇಕು. ಅಲ್ಲಿ ಹುಟ್ಟಿದ ಒಳ್ಳೆಯ ಮಾತು, ಹೊಸ ಹೆಜ್ಜೆಗಳು ಇತರರಿಗೆ ಮಾದರಿಯಾಗುತ್ತವೆ. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎಂಬ ಊರುಗಳ ಹೆಸರಿನಲ್ಲಿ ಬಡಗುತಿಟ್ಟಿನ ಎರಡು ಶೈಲಿಗಳು ಬೆಳೆದುಬಂದದ್ದು ಹೀಗೆಯೇ.

ಆಧುನಿಕ ಉದ್ಯಮಗಳೂ ಇದೇ ಸತ್ಯವನ್ನು ಕಂಡುಕೊಂಡಿವೆ. ಜಪಾನಿನ ಮತ್ಸುಷಿತಾ ಕಂಪನಿಯು ಮನೆಯಲ್ಲಿ ರೊಟ್ಟಿ ಸುಡುವ ಯಂತ್ರವನ್ನು ನಿರ್ಮಿಸುವಾಗ ಮೊದಮೊದಲು ರೊಟ್ಟಿಯು ಸರಿಯಾಗಿ ಬೇಯಲಿಲ್ಲ. ಆಗ ಅಲ್ಲಿಯ ತಂತ್ರಜ್ಞೆಯೊಬ್ಬರು ಒಸಾಕಾ ನಗರದ ಹೋಟೆಲೊಂದರ ನುರಿತ ರೊಟ್ಟಿಗಾರನ ಬಳಿ ಶಿಷ್ಯೆಯಾಗಿ ನಿಂತು, ಅವನು ಹಿಟ್ಟನ್ನು ಎಳೆದು ತಿರುಚುವ ರೀತಿಯನ್ನು ಕಣ್ಣಾರೆ ಕಂಡರು. ಆ ಕೈಚಳಕವನ್ನು ಯಂತ್ರಕ್ಕೆ ಅಳವಡಿಸಲಾಯಿತು; ಯಂತ್ರವು 1987ರಲ್ಲಿ ಮಾರುಕಟ್ಟೆಗೆ ಬಂದಿತು. ಮಾತಿಗೆ ಸಿಕ್ಕದ ಅರಿವನ್ನು ಜತೆಗಿದ್ದು ಕಲಿತು, ಎಲ್ಲರಿಗೂ ಸಿಗುವಂತೆ ಮಾಡುವುದೇ ಸಂಸ್ಥೆಗಳ ಏಳಿಗೆಯ ಮೂಲವೆಂದು ಇಕುಜಿರೊ ನೊನಾಕ ಎಂಬ ವಿದ್ವಾಂಸರು ಈ ಉದಾಹರಣೆಯಿಂದ ವಿವರಿಸಿದ್ದಾರೆ.

ಆದರೆ ಅನುಭವದಲ್ಲಿ ಮಾತ್ರ ನೆಲೆಸಿದ ವಿದ್ಯೆಗೆ ಅಪಾಯವೂ ಉಂಟು. ಬಲ್ಲವನು ಕಣ್ಮರೆಯಾದರೆ ಅವನೊಡನೆ ವಿದ್ಯೆಯೂ ಹೋಗುತ್ತದೆ. ಆಟದ ಅವಧಿ ಕಿರಿದಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಅಂದರೆ ಕಲಿಯುವವನು ಹತ್ತಬೇಕಾದ ಮೊದಲ ಮೆಟ್ಟಿಲಿಗೆ. ಈ ಕಲೆಯ ಸ್ಥಿತಿಗತಿಗಳನ್ನು ಆಳವಾಗಿ ಅಧ್ಯಯನ ಮಾಡಿದವರು ಕೋಟದಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಗ್ರಂಥವೊಂದೇ ಸಾಲದೆಂದು, 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಅದರ ಹಿಂದೆ ಕಾರಂತರ ಜತೆಗೆ ಪ್ರೊ. ಕು. ಶಿ. ಹರಿದಾಸ ಭಟ್ಟರ ಶ್ರಮವೂ ಇತ್ತು. ಮಟಪಾಡಿ ವೀರಭದ್ರ ನಾಯಕರಂತಹ ಹಿರಿಯ ಗುರುಗಳು ಅಲ್ಲಿ ತಮ್ಮ ಹೆಜ್ಜೆಗಳನ್ನು ಕಿರಿಯರಿಗೆ ಕಲಿಸಿದರು. ಒಂದು ಕಾಲದಲ್ಲಿ ಗಂಡಸರಿಗೆ ಮೀಸಲಾಗಿದ್ದ ಈ ವಿದ್ಯೆಯನ್ನು ಇಂದು ಉಡುಪಿ ಜಿಲ್ಲೆಯ ಹಲವು ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳೂ ಕಲಿಯುತ್ತಿದ್ದಾರೆ.

ಪುಸ್ತಕವು ವಿದ್ಯೆಯನ್ನು ಕಾಪಾಡುತ್ತದೆ. ಗುರುವಿನ ಸಹವಾಸವು ಅದಕ್ಕೆ ಜೀವ ತುಂಬುತ್ತದೆ. ಶಾಲೆಯಾಗಲಿ, ಕಾರ್ಖಾನೆಯಾಗಲಿ, ಮೇಳವಾಗಲಿ, ಬಲ್ಲವರು ಬಚ್ಚಿಡದೆ ಕಲಿಸಿದಲ್ಲಿ, ಕಿರಿಯರಿಗೆ ಮೊದಲ ಮೆಟ್ಟಿಲು ಉಳಿದಲ್ಲಿ ಮಾತ್ರ ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಬಾಳುತ್ತದೆ.

ಪ್ರಶ್ನೆಗಳು

1. ಮೇಳಕ್ಕೆ ಸೇರಿದ ಹುಡುಗನು ಯಾವ ಕ್ರಮದಲ್ಲಿ ಮೇಲೇರುತ್ತಾನೆ?
2. ಆಟದ ಅವಧಿ ಕಿರಿದಾಗುವುದರಿಂದ ಕಲಿಯುವವರಿಗೆ ಆಗುವ ನಷ್ಟವೇನು?
3. ರೊಟ್ಟಿಯ ಯಂತ್ರದ ಉದಾಹರಣೆಗೂ ಮೇಳದ ಕಲಿಕೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.