ಚಾಕು ಹಿಡಿದ ಕೈಯ ಶಿಕ್ಷಣ

ಬಿಡುವಿನಲ್ಲಿ ಚಾಕು ಹಿಡಿದು ಕಡ್ಡಿ ಹೆರೆಯುವ ಬಾಲಕನನ್ನು ಹಿರಿಯರು ಗದರುವುದುಂಟು. ಸ್ವೀಡನ್ ದೇಶದ ಶಿಕ್ಷಣವೇತ್ತ ಒಟ್ಟೊ ಸಾಲೊಮನ್ (1849–1907) ಅವರಾದರೋ ಈ ಹವ್ಯಾಸವನ್ನೇ ‘ಸ್ಲಾಯ್ಡ್’ ಎಂಬ ಕರಕೌಶಲ ಶಿಕ್ಷಣದ ಮೊದಲ ಮೆಟ್ಟಿಲಾಗಿಸಿದರು. ನೇಸ್ ಎಂಬಲ್ಲಿ ಅವರು ನಡೆಸಿದ ಶಿಕ್ಷಕರ ತರಬೇತಿಯಲ್ಲಿ ಮೊದಲು ಕೈಗೆ ಬರುತ್ತಿದ್ದ ಉಪಕರಣ ಚಾಕು. ಆರಂಭದ ಮಾದರಿಗಳಲ್ಲೊಂದು ಬರಿಯ ಸೂಚಿಕಡ್ಡಿ. ಚೌಕ ತುಂಡಿನ ಅಂಚುಗಳನ್ನು ಸವರಿ ಎಂಟು ಮೂಲೆಯಾಗಿಸಿ, ಬಳಿಕ ದುಂಡಾಗಿಸಬೇಕು. ಮರದ ಎಳೆಗೆ ಎದುರಾಗಿ ಅಲಗು ನಡೆದರೆ ಕಡ್ಡಿ ಸೀಳುವುದು. ತಿರುಗಿಸಿ ಹಿಡಿದರೆ ನುಣುಪಾಗಿ ಹೆರೆಯುವುದು. ಈ ವಿವೇಕವನ್ನು ಬಾಯಿಪಾಠದಿಂದ ಕೊಡಲಾದೀತೆ? ವಿದ್ಯಾರ್ಥಿಯ ಕೆಲಸಕ್ಕೆ ಗುರು ಕೈಹಾಕಬಾರದೆಂಬುದು ಸಾಲೊಮನ್ನರ ಕಟ್ಟುನಿಟ್ಟು. ನಮ್ಮ ಗುರುವೃಂದಕ್ಕೆ ಇದೇ ಕಠಿಣವಾದ ಪಾಠ! ಇನ್ನು ಬೆರಳು ಕೊಯ್ದೀತೆಂಬ ಅಂಜಿಕೆ: ಮೊಂಡು ಚಾಕುವೇ ಹೆಚ್ಚು ಅಪಾಯಕರ; ಅದನ್ನು ಒತ್ತಿದಷ್ಟೂ ಜಾರುವುದು, ಹರಿತವಾದುದು ಹಿಡಿತಕ್ಕೆ ಒಳಪಡುವುದು.