ಹಾಲಿನಲ್ಲಿರುವ ಜೀವಕೋಶಗಳು ಏನು ಹೇಳುತ್ತವೆ?



ನೀವು ಸಂಘಕ್ಕೆ ಹಾಕುವ ಹಾಲು ಜೀವಿಯೇ? ಅಲ್ಲ. ಅದು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಮರಿ ಹಾಕುವುದಿಲ್ಲ. ಆದರೆ ಅದರೊಳಗೆ ಜೀವವಿರುವ ಎರಡು ಬಗೆಯ ಕೋಶಗಳಿರುತ್ತವೆ. ಒಂದು ನಿಮ್ಮ ಹಸುವಿನದೇ, ಇನ್ನೊಂದು ಬ್ಯಾಕ್ಟೀರಿಯಾ.

ಹಸುವಿನ ಮೈ ಕೋಟಿ ಕೋಟಿ ಕೋಶಗಳಿಂದ ಆಗಿದೆ. ಕೋಶದ ಸುತ್ತ ತೆಳುವಾದ ಪೊರೆ, ಒಳಗೆ ಜೀವರಸ, ಬಹುತೇಕ ಕೋಶಗಳಲ್ಲಿ ಒಂದು ಕೋಶಕೇಂದ್ರ. ತಾಯಿಯ ಗುಣವನ್ನು ಕರುವಿಗೆ ದಾಟಿಸುವ ಡಿಎನ್‌ಎ ಇರುವುದು ಅಲ್ಲೇ. ಬ್ಯಾಕ್ಟೀರಿಯಾಕ್ಕಾದರೋ ಇಡೀ ಮೈಯೇ ಒಂದು ಕೋಶ. ಕೋಶಕೇಂದ್ರವಿಲ್ಲ, ಆದರೆ ಸಾಮಾನ್ಯವಾಗಿ ಹೊರಗೊಂದು ಗಟ್ಟಿ ಗೋಡೆ ಇರುತ್ತದೆ. ಪೆನಿಸಿಲಿನ್ ಆ ಗೋಡೆ ಕಟ್ಟುವುದನ್ನೇ ತಡೆಯುತ್ತದೆ. ಹಸುವಿನ ಕೋಶಕ್ಕೆ ಗೋಡೆಯೇ ಇಲ್ಲ, ಹಾಗಾಗಿ ಅದು ಉಳಿಯುತ್ತದೆ.

ಇಷ್ಟು ಚಿಕ್ಕದಾದರೂ ಬ್ಯಾಕ್ಟೀರಿಯಾ ಪೂರಾ ಜೀವಿ. ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುವ ಜಾತಿಗಳಿವೆ. ಹೆಪ್ಪು ಹಾಕಿದ ಪಾತ್ರೆಯಲ್ಲಿ ನಮಗೆ ಬೇಕಾದದ್ದು ಅದೇ. ಕ್ಯಾನಿನಲ್ಲಿ ಆದರೆ ಹಾಲು ವಾಪಸ್! ಬೆಚ್ಚಗಿದ್ದರೆ ಕೆಲವು ಜಾತಿಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಒಂದು ಗಂಟೆಗೆ 8, ಐದು ಗಂಟೆಗೆ 32,768. ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಅವು ಸಾಯುವುದಿಲ್ಲ, ಬೆಳವಣಿಗೆ ಮಾತ್ರ ತೀರಾ ನಿಧಾನವಾಗುತ್ತದೆ. ಕರೆದ ಕೂಡಲೇ ಹಾಲು ತನ್ನಿ ಎಂದು ಕಾರ್ಯದರ್ಶಿ ಅವಸರ ಮಾಡುವುದು ಇದಕ್ಕೇ.

ಇನ್ನು ಹಸುವಿನ ಕೋಶ. ಕೆಚ್ಚಲಿಗೆ ಸೋಂಕು ತಗುಲಿದರೆ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸಿ ಹಾಲಿಗೂ ಇಳಿಯುತ್ತವೆ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿ ಹಾಲಿನಲ್ಲಿ ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ ಕೋಶಗಳಿರುತ್ತವೆ. 2 ಲಕ್ಷ ದಾಟಿದರೆ ಸುಪ್ತ ಕೆಚ್ಚಲು ಬಾವಿನ ಅನುಮಾನ. ಊತವಿಲ್ಲ, ಗಡ್ಡೆಯಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಇಳುವರಿ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಹಿಂಡಿ ಸರಿಯಿಲ್ಲ ಎಂದು ನಾವು ಅಂಗಡಿಯವನನ್ನು ಬೈಯುತ್ತೇವೆ.

ಮನೆಯಲ್ಲೇ ಪರೀಕ್ಷಿಸಬಹುದು. 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ಮೊದಲ ಎರಡು ಮೂರು ಧಾರೆ ಬಿಟ್ಟು, ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಿಂಡಿ. ಹಾಲಿನಷ್ಟೇ ಸೋಪಿನ ನೀರು ಸೇರಿಸಿ, ಬಟ್ಟಲನ್ನು ಮೆಲ್ಲಗೆ ತಿರುಗಿಸಿ. ಸೋಪು ಕೋಶದ ಪೊರೆಯನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಲೋಳೆ ಕಟ್ಟುತ್ತದೆ. ಲೋಳೆ ಹೆಚ್ಚಾದಷ್ಟೂ ಕೋಶ ಹೆಚ್ಚು. ಗಿಣ್ಣದ ಹಾಲು ಮತ್ತು ಬತ್ತುವ ಹೊತ್ತಿನ ಹಾಲು ರೋಗವಿಲ್ಲದಿದ್ದರೂ ಲೋಳೆಯಾಗಬಹುದು, ನೆನಪಿರಲಿ.

ಲೋಳೆ ಕಂಡರೆ ಪಶುವೈದ್ಯರಿಗೆ ತಿಳಿಸಿ, ಆ ಹಸುವನ್ನು ಕೊನೆಯಲ್ಲಿ ಕರೆಯಿರಿ. ಪರೀಕ್ಷೆಯ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲದೆ ದೂರ ಸುರಿಯಿರಿ. ಚಿಕಿತ್ಸೆ ನಡೆದರೆ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.