ಲಸಿಕೆ ಹಾಕಿಸಿದ ಮೇಲೆ ಕೋಳಿಯ ರಕ್ತದಲ್ಲಿ ಏನಾಗುತ್ತದೆ?



“ಸೂಜಿ ಹಾಕಿಸಿದ್ವಿ, ಆದ್ರೂ ನಾಕ ದಿನದಾಗ ಕೋಳಿ ಸತ್ತು ಹೋದ್ವು. ಮತ್ಯಾಕ ಹಾಕಿಸಬೇಕ್ರಿ?” ಮುಂಡರಗಿ, ಶಿರಹಟ್ಟಿ ಕಡೆಯ ಸಂಘಗಳಲ್ಲಿ ನಾವು ಕೇಳುವ ಮಾತಿದು. ಪ್ರಶ್ನೆ ನ್ಯಾಯವಾದದ್ದೇ. ಮೊಟ್ಟೆ ಮಾರಿ ವಾರದ ಉಳಿತಾಯ ಕಟ್ಟುವ ಅಕ್ಕನ ಹತ್ತು ಹೇಂಟೆ ಹೋದರೆ ಸಾಲದ ಕಂತೂ ನಿಲ್ಲುತ್ತದೆ. ಉತ್ತರ ಕೋಳಿಯ ರಕ್ತದಲ್ಲಿದೆ.

ಕೊಕ್ಕರೆ ರೋಗ ವೈರಾಣುವಿನಿಂದ ಬರುತ್ತದೆ. ನಮ್ಮ ದೇಶದಲ್ಲಿ 1927ರಲ್ಲಿ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಇದಕ್ಕೆ ರಾಣಿಖೇತ ರೋಗ ಎಂಬ ಹೆಸರೂ ಇದೆ. ಹಸಿರು ಭೇದಿ, ಏದುಸಿರು, ಸೊಟ್ಟಗಾಗುವ ಕುತ್ತಿಗೆ ಇದರ ಲಕ್ಷಣ. ಬಂದ ಮೇಲೆ ಔಷಧವಿಲ್ಲ.

ಲಸಿಕೆ ಎಂದರೆ ಶಕ್ತಿ ತಗ್ಗಿಸಿದ ಅದೇ ವೈರಾಣು. ಅದು ಮೈಯೊಳಗೆ ಹೋದ ಕೂಡಲೇ ರಕ್ತದ ಬಿಳಿ ಕಣಗಳು ಎಚ್ಚರಗೊಳ್ಳುತ್ತವೆ. ಅವುಗಳಲ್ಲಿ ಒಂದು ಬಗೆಯವು ವೈರಾಣುವಿನ ಗುರುತು ಹಿಡಿದು, ಅದನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಈ ಹೊತ್ತಿನಲ್ಲಿ ಕೋಳಿ ಒಂದೆರಡು ದಿನ ಮಂಕಾಗಬಹುದು, ಗಾಬರಿ ಬೇಡ. ಪ್ರತಿಕಾಯ ಕಾಣಿಸಿಕೊಳ್ಳಲು ನಾಲ್ಕೈದು ದಿನ ಬೇಕು, ಸಾಕಷ್ಟು ಆಗಲು ಎರಡು-ಮೂರು ವಾರ ಬೇಕು. ರೋಗವಾದರೋ ವೈರಾಣು ಹೊಕ್ಕ ಐದಾರು ದಿನಕ್ಕೇ ಸಾಮಾನ್ಯವಾಗಿ ಹೊರಬೀಳುತ್ತದೆ. ಪಕ್ಕದ ಮನೆಯ ಕೋಳಿ ಸಾಯತೊಡಗಿದ ಮೇಲೆ ನಾವು ಓಡಿದರೆ ರಕ್ತಕ್ಕೆ ಸಮಯವೇ ಸಿಗುವುದಿಲ್ಲ. ನಾಲ್ಕನೇ ದಿನ ಸತ್ತ ಕೋಳಿಗೆ ಬಹುಶಃ ರೋಗ ಮೊದಲೇ ತಗುಲಿತ್ತು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರೆಕ್ಕೆಯ ನರದಿಂದ ರಕ್ತ ತೆಗೆದು, ಅದರ ತಿಳಿಗೆ ವೈರಾಣುವನ್ನೂ ಕೆಂಪು ರಕ್ತಕಣಗಳನ್ನೂ ಸೇರಿಸುತ್ತಾರೆ. ಪ್ರತಿಕಾಯ ಇಲ್ಲದಿದ್ದರೆ ವೈರಾಣು ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಇದ್ದರೆ ಕಣಗಳು ತಳಕ್ಕಿಳಿದು ಅಂಗಿಯ ಗುಂಡಿಯ ಹಾಗೆ ಕೂಡುತ್ತವೆ.

ತಾಯಿಯ ರಕ್ತದ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೂ ಬರುತ್ತದೆ. ಆದರೆ ಎರಡು-ಮೂರು ವಾರದಲ್ಲಿ ಕರಗುತ್ತದೆ. ತೀರ ಎಳೆಯ ಮರಿಗೆ ಹಾಕಿದ ಲಸಿಕೆಯನ್ನೂ ಅದು ಸ್ವಲ್ಪ ತಡೆಯುತ್ತದೆ. ಅದಕ್ಕೇ ಒಂದು ಸಲ ಸಾಲದು. 5–7ನೇ ದಿನ ಕಣ್ಣಿಗೆ ಅಥವಾ ಮೂಗಿಗೆ ಹನಿ, ನಾಲ್ಕನೇ ವಾರ ಲಸೋಟಾ, ಎಂಟನೇ ವಾರದ ಸುಮಾರಿಗೆ ಆರ್‌-ಟು-ಬಿ ಸೂಜಿ, ಮೊಟ್ಟೆ ಶುರುವಾಗುವ ಮೊದಲು 16–18ನೇ ವಾರದಲ್ಲಿ ಇನ್ನೊಮ್ಮೆ. ಆರ್‌-ಟು-ಬಿ ತುಸು ಜೋರಿನದು. ಮೊಟ್ಟೆಯಿಡುತ್ತಿರುವ ಹೇಂಟೆಗೆ ಹಾಕಿಸಿದರೆ ಮೊಟ್ಟೆ ಕಡಿಮೆಯಾಗುತ್ತದೆ. ಅಂಥವಕ್ಕೆ ಕುಡಿಯುವ ನೀರಿನಲ್ಲಿ ಲಸೋಟಾ ಕೊಡುವ ಬಗ್ಗೆ ಪಶುವೈದ್ಯರನ್ನು ಕೇಳಿರಿ. ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಬ್ಲೀಚಿಂಗ್ ಪೌಡರ್ ಹಾಕಿದ ನಳದ ನೀರು ಮಾತ್ರ ಬೇಡ, ಲಸಿಕೆ ಅದರಲ್ಲೇ ಸಾಯುತ್ತದೆ.

ಬಿಸಿಲಿಗೂ ಅಷ್ಟೇ. ಸೀಸೆಯನ್ನು ಕೈಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದರೆ ಹಾಕಿಸಿದ್ದು ಬರೀ ನೀರು ಎನ್ನಬೇಕು. ಬರ್ಫ ತುಂಬಿದ ಥರ್ಮಾಸಿನಲ್ಲಿ ತರಬೇಕು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಹಗಲಿನ ಝಳದಲ್ಲಿ ಅಟ್ಟಾಡಿಸಿ ಹಿಡಿದರೆ ಆ ಗಾಬರಿಗೇ ಬಿಳಿ ಕಣಗಳ ಲೆಕ್ಕ ಏರುಪೇರಾಗುತ್ತದೆ. ನಸುಕಿನಲ್ಲಿ ಗೂಡಿನಿಂದಲೇ ಹಿಡಿಯಿರಿ. ವಾರ ಮುಂಚೆ ಜಂತಿನ ಔಷಧ ಕೊಟ್ಟಿರಲಿ.

ಆರ್‌-ಟು-ಬಿ ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಒಬ್ಬರೇ ತಂದರೆ ಉಳಿದದ್ದು ಚೆಲ್ಲಬೇಕು. ಬೇಸಿಗೆ ಕಾಲಿಡುವ ಮೊದಲೇ ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಬರೆದುಕೊಂಡು, ಇಡೀ ಓಣಿಗೆ ಒಂದೇ ದಿನ ಗೊತ್ತುಮಾಡಿರಿ.